ಮನೆಗೆ ಎಷ್ಟು ಜಾಗ, ಕಾರ್ಖಾನೆಗೆ ಎಷ್ಟು?

(ಬಿ.ಜಿ. ಕೆರೆಯಲ್ಲಿ ನಡೆದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಉಳಿತಾಯ, ಸಾಲ, ಕಂತು ಇವೆಲ್ಲ ನಮಗೆ ಬಾಯಿಪಾಠ ಆಗಿವೆ. ಇವತ್ತು ನೆಲದ ಲೆಕ್ಕ ಮಾತಾಡೋಣ. ಸಂಘದ ಸಾಲ ತೆಗೆದು ಹೆದ್ದಾರಿ ಪಕ್ಕ ಸೈಟು ಕೊಂಡವರು ನಮ್ಮಲ್ಲೇ ಇದ್ದಾರೆ. ಕೊಳ್ಳುವಾಗ ರೇಟು ಕೇಳಿದೆವು, ನೀರು ಬರುತ್ತಾ ಅಂತ ಕೇಳಿದೆವು. ಜಾಗ ವಾಸಕ್ಕೆ ಪರಿವರ್ತನೆ ಆಗಿದೆಯೋ, ಕೈಗಾರಿಕೆಗೋ, ಇನ್ನೂ ಹೊಲವಾಗಿಯೇ ಇದೆಯೋ ಅಂತ ಕೇಳಲಿಲ್ಲ. ಮನೆ ಸಾಲಕ್ಕೆ ಬ್ಯಾಂಕಿಗೆ ಹೋದಾಗ ಮ್ಯಾನೇಜರು ಮೊದಲು ಕೇಳಿದ್ದೇ ಅದನ್ನು.

ಪಟ್ಟಣಗಳಲ್ಲಿ ಇದಕ್ಕೆ ಮಹಾಯೋಜನೆ ಅಂತ ನಕ್ಷೆ ಮಾಡುತ್ತಾರೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಪ್ರಕಾರ ಇಷ್ಟು ಜಾಗ ಮನೆಗೆ, ಇಷ್ಟು ಕಾರ್ಖಾನೆಗೆ, ಇಷ್ಟು ಪಾರ್ಕಿಗೆ ಅಂತ ವಲಯ ಗುರುತಿಸುವುದು. ಉದ್ದೇಶ ಒಳ್ಳೆಯದೇ. ಮಕ್ಕಳು ಮಲಗುವ ಕಡೆ ಹೊಗೆ, ಗದ್ದಲ ಬರಬಾರದು ತಾನೇ? ಆದರೆ ಗೆರೆ ಎಳೆಯುವವರು ನಮ್ಮ ಬದುಕನ್ನೂ ನೋಡಬೇಕು.

ಮೊಳಕಾಲ್ಮೂರಿನ ನೇಕಾರರ ಮನೆಗೆ ಹೋಗಿ ನೋಡಿ. ರೇಷ್ಮೆ ಸೀರೆಯ ಮಗ್ಗ ಮನೆಯೊಳಗೇ. ಗಂಡ ನೇಯುತ್ತಿದ್ದರೆ ಹೆಂಡತಿ ಒಲೆ ಮೇಲೆ ಅನ್ನ ಇಟ್ಟು ಕಂಡಿಕೆ ಸುತ್ತುತ್ತಾಳೆ, ನಡುವೆ ತೊಟ್ಟಿಲೂ ತೂಗುತ್ತಾಳೆ. ಇದು ಮನೆಯೋ, ಕೈಗಾರಿಕೆಯೋ? ಎರಡೂ. ಮಗ್ಗವನ್ನು ಊರಾಚೆ ಶೆಡ್ಡಿಗೆ ಸಾಗಿಸಿದರೆ ಮೊದಲು ತಪ್ಪುವುದು ಆ ಹೆಣ್ಣುಮಗಳ ದುಡಿಮೆ. ಕೈಮಗ್ಗ, ಹೊಲಿಗೆ, ಹಪ್ಪಳದ ಕೆಲಸ ಮನೆಗಳ ನಡುವೆಯೇ ಇರಲಿ, ಹೊಗೆ ಉಗುಳುವಂಥದ್ದು ದೂರ ಹೋಗಲಿ ಅನ್ನುವುದು ನಮ್ಮ ಅಭಿಪ್ರಾಯ.

ಚಳ್ಳಕೆರೆಯದು ಬೇರೆ ಕಥೆ. ಶೇಂಗಾ ಎಣ್ಣೆ ಮಿಲ್ಲುಗಳಿಂದ ಹೆಸರಾದ ಊರು, ಎಷ್ಟೋ ಮಿಲ್ಲು ಮುಚ್ಚಿಹೋದವು. ಮುಚ್ಚಿದ ಮಿಲ್ಲಿನ ಜಾಗ ಸೈಟು ಮಾಡಿದರೆ ಮಾಲೀಕರಿಗೆ ಒಳ್ಳೆ ದುಡ್ಡು. ನಮಗೆ ಮನೆಯೂ ಬೇಕು, ನಿಜ. ಆದರೆ ಕೈಗಾರಿಕೆಯ ಜಾಗವೆಲ್ಲ ಸೈಟಾದರೆ ಕೆಲಸಕ್ಕೆ ನಮ್ಮ ಹುಡುಗಿಯರು ಬೆಂಗಳೂರು ಬಸ್ಸು ಹತ್ತಬೇಕು. ಅಲ್ಲಿ ಪೀಣ್ಯದಲ್ಲಿ ಫ್ಯಾಕ್ಟರಿಗೆ ಜಾಗ ಅಳೆದು ಕೊಟ್ಟರು, ದುಡಿಯುವವರ ಮನೆಗೆ ಅಷ್ಟು ಅಳೆಯಲಿಲ್ಲ. ಒಂದೇ ಕೋಣೆಯಲ್ಲಿ ನಾಲ್ಕೈದು ಜನ ಮಲಗುತ್ತಾರೆ.

ಕೇಳುವುದಾದರೆ ಗೆರೆ ಎಳೆಯುವ ಮೊದಲೇ ಕೇಳಬೇಕು. ನಮ್ಮ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ಡಿ.ಆರ್.ಡಿ.ಓ., ಇಸ್ರೋ ಮೊದಲಾದ ಸಂಸ್ಥೆಗಳಿಗೆ ಹೋದದ್ದು ಕುರಿ ಮೇಯಿಸುವವರಿಗೆ ಗೊತ್ತಾದದ್ದು ಗೋಡೆ ಏಳುವಾಗ. ಆಮೇಲೆ ಚೆನ್ನೈನ ಹಸಿರು ಪೀಠದವರೆಗೆ ಅಲೆಯಬೇಕಾಯಿತು.

ಮಹಾಯೋಜನೆ ಅಂತಿಮವಾಗುವ ಮೊದಲು ಅದನ್ನು ಪ್ರಕಟಿಸಿ ಜನರ ಅಭಿಪ್ರಾಯ ಕೇಳಲೇಬೇಕು, 60 ದಿನ ಕಾಲಾವಕಾಶ ಇರುತ್ತದೆ. ಚಳ್ಳಕೆರೆ, ಮೊಳಕಾಲ್ಮೂರಿನ ಸಂಘದವರು ಪತ್ರಿಕೆಯ ಪ್ರಕಟಣೆ ಕಡೆ ಕಣ್ಣಿಡಿ. ಆಕ್ಷೇಪಣೆ ಇದ್ದರೆ ಸಂಘದ ಹೆಸರಲ್ಲಿ ಬರೆದು ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಂಡೇ ಬನ್ನಿ. ಹಳ್ಳಿಯವರು ಗ್ರಾಮಸಭೆಯಲ್ಲಿ ಎದ್ದು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ.

ಮುಂದಿನ ಸಭೆಗೆ ಸೈಟು ಇರುವವರೆಲ್ಲ ಪರಿವರ್ತನೆ ಆದೇಶದ ಜೆರಾಕ್ಸ್ ತನ್ನಿ. ಆದೇಶ ಇಲ್ಲದವರು ಇರುವ ಕಾಗದವನ್ನೇ ತನ್ನಿ, ಕೂತು ಓದೋಣ.