ಎಳೆಯ ಎದೆಯ ಕೀವು



ಮಕ್ಕಳ ವೈದ್ಯನಾದ ನನ್ನನ್ನು ಈ ವೇದಿಕೆಗೆ ಕರೆದಿದ್ದೀರಿ. ಹತ್ತು ಕಾಯಿಲೆಗಳ ಹೆಸರು ಹೇಳಿ ಹೋಗುವ ಬದಲು ಒಂದನ್ನೇ ಆರಿಸಿಕೊಂಡಿದ್ದೇನೆ: ಐದು ವರ್ಷದೊಳಗಿನ ಮಕ್ಕಳ ಶ್ವಾಸಕೋಶದಲ್ಲಿ ಕಟ್ಟುವ ಕೀವು. ಕಾಯಿಲೆ ಅಪರೂಪದ್ದು. ಆದರೆ ಆತುರಪಟ್ಟರೆ ಕೆಡುತ್ತದೆ, ತಾಳ್ಮೆಯಿಂದಿದ್ದರೆ ಬಹುಮಟ್ಟಿಗೆ ವಾಸಿಯಾಗುತ್ತದೆ. ಆ ತಾಳ್ಮೆ ವೈದ್ಯರಿಗೆಷ್ಟು ಬೇಕೋ ಮನೆಯವರಿಗೂ ಅಷ್ಟೇ ಬೇಕು.

ನ್ಯುಮೋನಿಯಾ ಆದಾಗ ಶ್ವಾಸಕೋಶದ ಒಂದು ಭಾಗ ಊದಿಕೊಂಡು ಗಟ್ಟಿಯಾಗುತ್ತದೆ. ಬಹುಪಾಲು ಮಕ್ಕಳಲ್ಲಿ ಔಷಧಿಗೆ ಅದು ಕರಗಿಹೋಗುತ್ತದೆ. ಕೆಲವರಲ್ಲಿ ಮಾತ್ರ ಅಲ್ಲಿನ ಅಂಗಾಂಶವೇ ಸತ್ತು, ಸುತ್ತ ದಪ್ಪ ಗೋಡೆ ಕಟ್ಟಿಕೊಂಡು, ಒಳಗೆ ಕೀವು ತುಂಬುತ್ತದೆ. ಚರ್ಮದ ಮೇಲೆ ಕುರು ಏಳಿಸುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಇಲ್ಲಿಯೂ ಮುಖ್ಯ ಆರೋಪಿ. ನ್ಯುಮೊಕಾಕಸ್ ಮತ್ತು ಬಾಯಿಯಲ್ಲೇ ಮನೆ ಮಾಡಿಕೊಂಡಿರುವ ಕೆಲವು ರೋಗಾಣುಗಳೂ ಉಂಟು.

ದೊಡ್ಡವರು ನಾರುವ ಕಫ ಉಗುಳುತ್ತಾರೆ, ರೋಗ ತಾನೇ ಬಾಯಿಬಿಡುತ್ತದೆ. ಎಳೆಯ ಮಕ್ಕಳು ಕಫ ನುಂಗಿಬಿಡುತ್ತವೆ. ಔಷಧಿ ಕೊಟ್ಟರೂ ಬಿಡದ ಜ್ವರ, ಊಟ ಬೇಡವೆನ್ನುವುದು, ಏದುಸಿರು: ಇಷ್ಟೇ ಸುಳಿವು. ಉಸಿರು ಎಣಿಸುವುದನ್ನು ಎಲ್ಲರೂ ಕಲಿಯಬಹುದು. ಮಗು ಅಳದೆ ಸುಮ್ಮನಿದ್ದಾಗ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆಸ್ಪತ್ರೆಗೆ ಹೊರಡಿ. ಇಂಥ ಮಗುವಿಗೆ ಬರೆ ಹಾಕಿಸಿ ಮೂರು ದಿನ ಕಳೆಯುವವರು ಈಗಲೂ ಇದ್ದಾರೆ.

ಎಕ್ಸ್‌ರೇ ಹೇಗೆ ತೆಗೆದರು ಎಂಬುದೂ ಮುಖ್ಯ. ಮಲಗಿಸಿ ತೆಗೆದರೆ ಕೀವು ಹಿಂಬದಿಗೆ ಹರಡಿ ಬರೀ ಮಬ್ಬು ಬಿಳುಪು ಕಾಣುತ್ತದೆ. ಅದೇ ಮಗುವಿನ ಎರಡೂ ಕೈ ಮೇಲೆತ್ತಿ ಹಿಡಿದು ನೆಟ್ಟಗೆ ಕೂರಿಸಿದರೆ ದುಂಡನೆಯ ಗೂಡು. ಕೆಳಗೆ ಬಿಳಿಯ ಕೀವು, ಮೇಲೆ ಕಪ್ಪು ಗಾಳಿ, ನಡುವೆ ದಾರ ಹಿಡಿದಂಥ ಮಟ್ಟಸ ಗೆರೆ. (ಹಿಡಿದುಕೊಳ್ಳುವ ತಾಯಿ ಗರ್ಭಿಣಿಯಾಗಿದ್ದರೆ ಆ ಕೆಲಸ ಅಪ್ಪನಿಗಿರಲಿ.)

ಕೀವು ಶ್ವಾಸಕೋಶದ ಒಳಗಿದೆಯೋ, ಅದರ ಹೊರಪೊರೆಯಲ್ಲಿದೆಯೋ ಎಂಬುದು ಮುಂದಿನ ಪ್ರಶ್ನೆ. ಹೊರಗಿದ್ದರೆ ಸಾಮಾನ್ಯವಾಗಿ ಕೊಳವೆ ಹಾಕಿ ಹರಿಸಬೇಕು. ಒಳಗಿದ್ದಾಗ ಹಾಗೆಯೇ ಕೊಳವೆ ತೂರಿಸಿದರೆ ಗಾಳಿ ಸೋರುವ ದಾರಿ ತೆರೆದುಕೊಂಡು ತಿಂಗಳುಗಟ್ಟಲೆ ಕಾಡಬಹುದು. ಆದ್ದರಿಂದ ಅಲ್ಟ್ರಾಸೌಂಡ್, ಸಂಶಯ ಉಳಿದರೆ ಸಿ.ಟಿ. ನಮ್ಮ ದೇಶದಲ್ಲಿ ಕ್ಷಯವನ್ನಂತೂ ಮರೆಯುವಂತಿಲ್ಲ. ಮಗು ಕಫ ಕೊಡದಿದ್ದರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಜಠರದ ರಸ ತೆಗೆದು ಸಿಬಿನ್ಯಾಟ್ ಪರೀಕ್ಷೆಗೆ ಕಳಿಸುತ್ತೇವೆ.

ಚಿಕಿತ್ಸೆಯ ತಿರುಳು ಆ್ಯಂಟಿಬಯೋಟಿಕ್. ಮೊದಲ ಎರಡು ಮೂರು ವಾರ ರಕ್ತನಾಳದ ಮೂಲಕ, ಆಮೇಲೆ ಬಾಯಿಯಿಂದ. ಒಟ್ಟು ನಾಲ್ಕರಿಂದ ಆರು ವಾರ. ಹತ್ತು ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳಿಗೆ ಇಷ್ಟೇ ಸಾಕು. ಸರಿಯಾದ ಔಷಧಿ ಒಂದು ವಾರ ಹೋದರೂ ಜ್ವರ ಇಳಿಯದಿದ್ದರೆ, ಗೂಡು ದೊಡ್ಡದಾಗಿ ಹೃದಯವನ್ನೇ ಪಕ್ಕಕ್ಕೆ ತಳ್ಳುತ್ತಿದ್ದರೆ, ಸ್ಕ್ಯಾನ್ ನೋಡಿಕೊಂಡು ಸೂಜಿಯಿಂದಲೋ ಸಣ್ಣ ಕೊಳವೆಯಿಂದಲೋ ಕೀವು ತೆಗೆಯಬೇಕಾಗುತ್ತದೆ. ಶಸ್ತ್ರಚಿಕಿತ್ಸೆ ಕೊನೆಯ ಮಾತು.

ಕಷ್ಟ ಬರುವುದು ಎರಡನೆಯ ವಾರದಲ್ಲಿ. ಜ್ವರ ಬಿಟ್ಟಿರುತ್ತದೆ, ಮಗು ವಾರ್ಡಿನಲ್ಲಿ ಓಡಾಡುತ್ತಿರುತ್ತದೆ. "ಸಾಕು ಡಾಕ್ಟ್ರೇ, ಸೂಜಿ ಚುಚ್ಚಿ ಚುಚ್ಚಿ ಕೈಯೆಲ್ಲ ಊದಿದೆ, ಮನೆಗೆ ಕಳಿಸಿಬಿಡಿ" ಎನ್ನುತ್ತಾರೆ ಅಜ್ಜಿ. ಅವರ ಸಂಕಟ ಸುಳ್ಳಲ್ಲ, ಕೂಲಿ ಬಿಟ್ಟು ಕೂತ ತಂದೆಯದೂ ಸುಳ್ಳಲ್ಲ. ಆದರೆ ನಡುವೆ ನಿಲ್ಲಿಸಿದರೆ ಕೀವು ಮತ್ತೆ ಕಟ್ಟಬಹುದು. ಮಗು ಗೆಲುವಾಗಿದ್ದರೂ ಎಕ್ಸ್‌ರೇಯಲ್ಲಿ ಕಲೆ ಉಳಿದಿದೆಯೆಂದು ಗಾಬರಿಯಾಗಿ ಕತ್ತರಿ ಹಿಡಿಯುವುದೂ ತಪ್ಪೇ. ಆ ಕಲೆ ಅಳಿಯಲು ತಿಂಗಳುಗಳೇ ಬೇಕು.

ವಾಸಿಯಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಈ ಮಗುವಿಗೇ ಏಕೆ ಬಂತು? ಒಂದೇ ಜಾಗದಲ್ಲಿ ಮರುಕಳಿಸಿದರೆ ಹುಟ್ಟಿನಿಂದ ಬಂದ ಗುಳ್ಳೆಯೋ, ಶ್ವಾಸನಾಳದಲ್ಲಿ ಸಿಕ್ಕಿಕೊಂಡ ಕಡಲೆಬೀಜವೋ ಇರಬಹುದು. ಕಡಲೆಬೀಜ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಬ್ರಾಂಕೋಸ್ಕೋಪ್ ಇಳಿಸಿಯೇ ಹುಡುಕಬೇಕು. ಫಿಲಡೆಲ್ಫಿಯಾದ ಚೆವಾಲಿಯರ್ ಜಾಕ್ಸನ್ ಎಂಬ ವೈದ್ಯರು ಹೀಗೆ ರೋಗಿಗಳ ಗಂಟಲು, ಶ್ವಾಸನಾಳಗಳಿಂದ ಹೊರತೆಗೆದ ಎರಡು ಸಾವಿರಕ್ಕೂ ಹೆಚ್ಚು ವಸ್ತುಗಳನ್ನು ಕೂಡಿಟ್ಟರು. ಅವು ಅಲ್ಲಿನ ಮ್ಯೂಟರ್ ಮ್ಯೂಸಿಯಮ್ಮಿನಲ್ಲಿವೆ. ಬೇರೆ ಬೇರೆ ಜಾಗದಲ್ಲಿ ಕೀವು ಕಟ್ಟುತ್ತಿದ್ದರೆ ರೋಗನಿರೋಧಕ ಶಕ್ತಿಯ ಪರೀಕ್ಷೆ ಆಗಬೇಕು.

ಕೆಲವು ಕಾರಣಗಳು ನಮ್ಮ ಮನೆಗಳಲ್ಲೇ ಇವೆ. ಕಾಲ ಮೇಲೆ ಅಂಗಾತ ಮಲಗಿಸಿ, ಅಳುವ ಕೂಸಿನ ಬಾಯಿಗೆ ಒಳಲೆಯಿಂದ ಹಾಲು ಸುರಿಯುವುದು; ಸ್ನಾನದ ಹೊತ್ತಿನಲ್ಲಿ ಮೂಗಿಗೆ ಎಣ್ಣೆ ಬಿಡುವುದು. ಆ ಹಾಲೂ ಎಣ್ಣೆಯೂ ಶ್ವಾಸಕೋಶಕ್ಕೆ ಇಳಿಯಬಹುದು. ಕಡಲೆಕಾಯಿ ಪರಿಷೆಗೆ ಮಕ್ಕಳನ್ನು ಖಂಡಿತ ಕರೆದೊಯ್ಯಿರಿ, ಆದರೆ ನಾಲ್ಕು ವರ್ಷದೊಳಗಿನವರ ಕೈಗೆ ಇಡೀ ಬೀಜ ಕೊಡಬೇಡಿ.

ನ್ಯುಮೊಕಾಕಸ್ ವಿರುದ್ಧದ ಪಿ.ಸಿ.ವಿ. ಲಸಿಕೆ 2021ರಿಂದ ದೇಶದಾದ್ಯಂತ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಎಲ್ಲ ರೋಗಾಣುಗಳನ್ನೂ ಅದು ತಡೆಯದು, ಆದರೆ ಒಂದು ದೊಡ್ಡ ಬಾಗಿಲು ಮುಚ್ಚುತ್ತದೆ. ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ ಹಾಕಿಸಬೇಕು. ಮನೆಯಲ್ಲಿ ಕೂಸಿದ್ದರೆ ಇವತ್ತೇ ತಾಯಿ ಕಾರ್ಡ್ ತೆಗೆದು ಈ ಮೂರೂ ಆಗಿವೆಯೇ ನೋಡಿ.