ಪಡುಬಿದ್ರಿಯ ಅಳಿವೆಗೆ ಅರ್ಧ ದಿನ

ಘಟ್ಟದ ಮೇಲಿನಿಂದ ಉಡುಪಿಗೆ ಬರುವ ಸಂಸಾರಗಳಿಗೆ ಒಂದು ತೊಡಕು ಸಾಮಾನ್ಯವಾಗಿ ಎದುರಾಗುತ್ತದೆ. ಬೆಳಿಗ್ಗೆ ರಥಬೀದಿ ಸುತ್ತಿ, ಕೃಷ್ಣನ ದರ್ಶನ ಮಾಡಿ, ಮಠದಲ್ಲಿ ಊಟ ಮುಗಿಸಿದ ಮೇಲೆ ಇಡೀ ಮಧ್ಯಾಹ್ನ ಕೈಯಲ್ಲಿ ಉಳಿದುಬಿಡುತ್ತದೆ. ಊರಿಗೆ ಮರಳುವ ಬಸ್ಸು ಇರುವುದು ರಾತ್ರಿಗೆ. ಮಕ್ಕಳು ಕಡಲು ಕಡಲು ಎಂದು ಕಾಡುತ್ತವೆ. ಹಿರಿಯರು ಬಿಸಿಲು ಎನ್ನುತ್ತಾರೆ. ಕೊನೆಗೆ ಎಲ್ಲರೂ ಮಲ್ಪೆಗೆ ಹೋಗಿ, ಜನಜಂಗುಳಿಯಲ್ಲಿ ಕಾಲು ತೋಯಿಸಿಕೊಂಡು ಬರುವುದು ವಾಡಿಕೆ. ಮಲ್ಪೆಯನ್ನು ನಾನು ಹಳಿಯುತ್ತಿಲ್ಲ. ಆದರೆ ಆ ಮಧ್ಯಾಹ್ನವನ್ನು ಒಮ್ಮೆ ತೆಂಕು ದಿಕ್ಕಿಗೆ ತಿರುಗಿಸಿ ಎಂದು ಹೇಳುವುದಕ್ಕಾಗಿ ಇಂದು ನಿಮ್ಮ ಮುಂದೆ ಬಂದಿದ್ದೇನೆ. ಉಡುಪಿಯಿಂದ ಸುಮಾರು 25 ಕಿಲೋಮೀಟರು ದೂರದಲ್ಲಿ ಪಡುಬಿದ್ರಿ ಉಂಟು. ಅಲ್ಲಿ ಕಡಲೊಂದೇ ಅಲ್ಲ, ಕಡಲಿಗೆ ಬೆನ್ನು ತಾಗಿಸಿಕೊಂಡು ಹರಿಯುವ ಹೊಳೆಯೊಂದು ಉಂಟು. ಎರಡೂ ಸೇರುವ ಅಳಿವೆಯ ಬಾಯಿಯೂ ಉಂಟು. ಅರ್ಧ ದಿನಕ್ಕೆ ಅದು ಧಾರಾಳವಾಯಿತು.

ಒಂದು ಕರಾರು. ನೀವು ನೀವೇ ಹೋಗಬೇಡಿ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ದಾರಿ ಕೇಳುವುದಕ್ಕಾಗಿ ಹೇಳುತ್ತಿಲ್ಲ. ದಾರಿ ಹೆದ್ದಾರಿಯೇ ಆಗಿದೆ, ತಪ್ಪುವ ಸಂಭವವಿಲ್ಲ. ನೀರನ್ನು ಓದುವುದಕ್ಕೆ ಬಲ್ಲವರು ಬೇಕು. ದೋಣಿ ನಡೆಸುವವರು, ಮೀನು ಹಿಡಿಯುವ ಮನೆತನದವರು, ಅಥವಾ ಕಡಲ ದಡದಲ್ಲಿಯೇ ಹುಟ್ಟಿ ಬೆಳೆದ ಶಾಲೆಯ ಮೇಷ್ಟರಾದರೂ ಸರಿ. ಅವರು "ಇಲ್ಲಿ ಇಳೀಬೇಡಿ ಮಾರಾಯ್ರೆ" ಎಂದರೆ ಇಳಿಯಬಾರದು. ಯಾಕೆ ಎಂದು ಆಮೇಲೆ ಕೇಳಬಹುದು.

ಹೊರಡುವ ಮೊದಲು ಇನ್ನೊಂದು ಕೆಲಸ. ಗೋಡೆಯ ಮೇಲೆ ತೂಗುಹಾಕಿರುವ ಪಂಚಾಂಗವನ್ನು ನೋಡಿ. ಏಕಾದಶಿಗೋ ಸಂಕಷ್ಟಿಗೋ ನೋಡುವ ಪಂಚಾಂಗ ಕಡಲಿಗೂ ಒದಗುತ್ತದೆ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಪ್ರತಿದಿನವೂ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನಮ್ಮ ಈ ಕರಾವಳಿಯಲ್ಲಿ ಭರತ ಬರುವುದು ಸರಿಸುಮಾರು ನಡುಹಗಲಿಗೆ. ಎಂದರೆ ಆ ದಿನಗಳಲ್ಲಿ ನೀವು ಊಟ ಮುಗಿಸಿ ಅಲ್ಲಿಗೆ ಮುಟ್ಟುವಾಗ ನೀರು ಇಳಿಯತೊಡಗಿರುತ್ತದೆ. ಇಳಿಯುವುದೂ ಹೆಚ್ಚು, ವೇಗವೂ ಹೆಚ್ಚು. ಅಷ್ಟಮಿಯ ಸುಮಾರಿಗೆ ಹೋದರೆ ಏರಿಳಿತ ಸಣ್ಣದು. ಭರತ ಸಂಜೆಯ ಕಡೆಗೆ ಬೀಳುತ್ತದೆ. ಹೊಳೆಯಲ್ಲಿ ಮಕ್ಕಳೊಂದಿಗೆ ದೋಣಿಯಲ್ಲಿ ಕುಳಿತುಕೊಳ್ಳುವ ಆಸೆಯಿದ್ದರೆ ಅಷ್ಟಮಿಯೇ ಒಳ್ಳೆಯದು. ಅಳಿವೆಯ ಬಾಯಿಯ ರಭಸವನ್ನು ದೂರ ನಿಂತು ನೋಡಬೇಕೆಂದರೆ ಹುಣ್ಣಿಮೆಯ ಮಾರನೆಯ ದಿನ ಹೋಗಿ. ಇದು ಅಂದಾಜಿನ ಲೆಕ್ಕ. ಸರಿಯಾದ ಹೊತ್ತನ್ನು ನಿಮ್ಮ ಜೊತೆಗೆ ಬರುವವರು ಹೇಳುತ್ತಾರೆ.

ಉಡುಪಿ ಬಿಟ್ಟೊಡನೆ ಉದ್ಯಾವರದ ಹೊಳೆ ಸಿಕ್ಕುತ್ತದೆ, ಮುಂದೆ ಕಟಪಾಡಿ, ಅದಾದ ಮೇಲೆ ಪಾಂಗಾಳದ ಹೊಳೆ. ಈಗ ಸೇತುವೆಯ ಮೇಲೆ ಅರೆಗಳಿಗೆಯಲ್ಲಿ ದಾಟಿಬಿಡುತ್ತೀರಿ. ಹೆದ್ದಾರಿಯ ಸೇತುವೆಗಳು ಬರುವುದಕ್ಕೆ ಮುಂಚೆ ಮಂಗಳೂರಿಗೆ ಹೋಗುವವನು ಹೊಳೆಹೊಳೆಗೂ ಕಡವಿನಲ್ಲಿ ಇಳಿದು ದೋಣಿಗೆ ಕಾಯಬೇಕಾಗಿತ್ತು. ಬುತ್ತಿ ಕಟ್ಟಿಕೊಂಡೇ ಹೊರಡುತ್ತಿದ್ದರು. ಕಟಪಾಡಿಯ ಪಡುವಣಕ್ಕೆ ಮಟ್ಟು ಎಂಬ ಹಳ್ಳಿ. ಮಟ್ಟುಗುಳ್ಳವೆಂಬ ಬದನೆ ಬೆಳೆಯುವುದು ಅಲ್ಲಿ. ಬೀಜವನ್ನು ವಾದಿರಾಜ ಸ್ವಾಮಿಗಳು ಕೊಟ್ಟರೆಂಬುದು ಜನರ ನಂಬಿಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವಿನ ಮರಳುಮಣ್ಣಿನಲ್ಲಿ ಅಷ್ಟು ರುಚಿಯ ಕಾಯಿ. ಆದರೆ ಬೇಸಗೆಯಲ್ಲಿ ಹೊಳೆಯ ಉಪ್ಪುನೀರು ಗದ್ದೆಗೆ ನುಗ್ಗಿದರೆ ಬೆಳೆ ಹೋಯಿತೆಂದೇ ಲೆಕ್ಕ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಕಾಪುವಿನಲ್ಲಿ ಕಾಲು ಗಂಟೆ ಸಾಕು. ಅಲ್ಲಿನ ದೀಪಸ್ತಂಭ 1901ರದು, ಎತ್ತರ ಸುಮಾರು 27 ಮೀಟರು, ಕಡಲ ಅಂಚಿನ ಬಂಡೆಯ ಮೇಲೆ ನಿಂತಿದೆ. ಹತ್ತುವುದಕ್ಕೆ ಬಿಡುವುದು ಸಂಜೆ ಕೆಲವು ಹೊತ್ತು ಮಾತ್ರ. ಅದಕ್ಕಾಗಿ ಕಾಯುತ್ತ ಕುಳಿತರೆ ಪಡುಬಿದ್ರಿಯ ಸಂಜೆ ಕೈತಪ್ಪುತ್ತದೆ. ಎರಡನ್ನೂ ಒಂದೇ ದಿನ ಬಾಚಿಕೊಳ್ಳಲು ಹೊರಟರೆ ಎರಡೂ ಕೆಡುತ್ತವೆ. ಬಂಡೆಯ ಬುಡದಲ್ಲಿ ನಿಂತು ತೆಂಕಣಕ್ಕೆ ಕಣ್ಣುಹಾಯಿಸಿ. ದಡವು ದಾರ ಹಿಡಿದು ಎಳೆದ ಗೆರೆಯಂತೆ ಕಾಣುತ್ತದೆ. ಆ ಗೆರೆಯ ಹಿಂದೆಯೇ ತೆಂಗಿನ ಸಾಲಿನ ಮರೆಯಲ್ಲಿ ಹೊಳೆಗಳು ಅವಿತುಕೊಂಡಿವೆ. ದಾಹವಾದರೆ ಬೊಂಡ ಕುಡಿಯಿರಿ. ಬೊಂಡವೆಂದರೆ ನಿಮ್ಮ ಕಡೆಯ ಎಣ್ಣೆಯಲ್ಲಿ ಕರಿದದ್ದಲ್ಲ, ಎಳನೀರು. ಈ ಗೊಂದಲದಿಂದ ಅಂಗಡಿಯ ಮುಂದೆ ನಗೆಪಾಟಲಾದವರನ್ನು ನಾನು ಕಂಡಿದ್ದೇನೆ.

ಉಚ್ಚಿಲ, ಎರ್ಮಾಳು ದಾಟಿದರೆ ಪಡುಬಿದ್ರಿ. ಹೆಸರು ಸರಳವಾದದ್ದು. ಪಡು ಎಂದರೆ ಪಡುವಣ, ಬಿದ್ರಿ ಎಂದರೆ ಬಿದಿರು. ಮೂಡಣದ ಬಿದಿರಿನ ಊರು ಮೂಡುಬಿದ್ರಿ, ಬಸದಿಗಳಿಗೆ ಹೆಸರಾದದ್ದು, ಪಡುವಣದ್ದು ಇದು. ಕಾರ್ಕಳ, ಆಗುಂಬೆಗಳ ಕಡೆಗೆ ಹೋಗುವ ರಾಜ್ಯ ಹೆದ್ದಾರಿ ಇಲ್ಲಿಂದಲೇ ಮೊದಲಾಗುತ್ತದೆ. ಆದ್ದರಿಂದ ಪೇಟೆಯಲ್ಲಿ ಸದಾ ಬಸ್ಸುಗಳ ಗದ್ದಲ. ಮೂಡಣಕ್ಕೆ ನೋಡಿದರೆ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದ ಎತ್ತರದ ಚಿಮಣಿ. ಊರಿನ ಬ್ರಹ್ಮಸ್ಥಾನವನ್ನು ಕಾಣದೆ ಹೋಗಬಾರದು. ಗೋಪುರವಿಲ್ಲ, ಮಾಡಿಲ್ಲ, ಮರಗಳ ನೆರಳು, ಕಾಲಡಿಯಲ್ಲಿ ಮರಳು. ಎರಡು ವರ್ಷಕ್ಕೊಮ್ಮೆ ಅಲ್ಲಿ ಢಕ್ಕೆಬಲಿ ನಡೆಯುತ್ತದೆ. ದೇವರಿಗೆ ಕಟ್ಟಡ ಕಟ್ಟದೆ ಬಿಟ್ಟ ಊರು ಇದು ಎಂಬುದೇ ನನಗೆ ಬಹಳ ಮೆಚ್ಚಿಕೆಯಾದ ಸಂಗತಿ.

ಇನ್ನು ಹೊಳೆ. ಇದರ ಹೆಸರು ಕಾಮಿನಿ. ದೊಡ್ಡ ಹೊಳೆಯೇನೂ ಅಲ್ಲ, ನಕ್ಷೆಯಲ್ಲಿ ಹುಡುಕಬೇಕು. ಇದರ ನಡೆ ಮಾತ್ರ ವಿಚಿತ್ರ. ಕಡಲಿಗೆ ಕಲ್ಲೆಸೆತದ ದೂರಕ್ಕೆ ಬಂದು, ಅಲ್ಲಿಂದ ನೇರವಾಗಿ ಸೇರದೆ, ದಡದ ಉದ್ದಕ್ಕೂ ಕಾಲುವೆಯಂತೆ ಹರಿಯುತ್ತದೆ. ಯಾರೂ ತೋಡದ ಕಾಲುವೆ ಇದು. ಕಾರಣ ಹೀಗೆ. ಮಳೆಗಾಲದ ತೆರೆಗಳು ದಡದ ಮರಳನ್ನು ಎಳೆದು ಕಡಲಿಗೆ ಒಯ್ಯುತ್ತವೆ. ಮಳೆ ನಿಂತ ಮೇಲೆ ಸಣ್ಣ ತೆರೆಗಳು ಅದೇ ಮರಳನ್ನು ಮೆಲ್ಲಮೆಲ್ಲನೆ ಹಿಂದಕ್ಕೆ ತಂದು ದಡಕ್ಕೆ ಒಡ್ಡುತ್ತವೆ. ಹೀಗೆ ಒಟ್ಟಿದ ಮರಳಿನ ದಿಬ್ಬವನ್ನು ಸಣ್ಣ ಹೊಳೆ ಬೇಸಗೆಯಲ್ಲಿ ಒಡೆಯಲಾರದು. ಸಂದು ಸಿಕ್ಕುವವರೆಗೆ ಅದು ದಿಬ್ಬದ ಹಿಂದೆಯೇ ನಡೆಯಬೇಕು. ಮಳೆಗಾಲದಲ್ಲಿ ಮಾತ್ರ ನೀರಿನ ಸೊಕ್ಕು ಹೆಚ್ಚಿ ಅಳಿವೆಯ ಬಾಯಿ ಅಗಲವಾಗುತ್ತದೆ. ಬೇಸಗೆಗೆ ಮತ್ತೆ ಕಿರಿದಾಗುತ್ತದೆ. ಹೀಗಾಗಿ ಹೋದ ವರ್ಷ ನೀವು ನಿಂತು ಫೋಟೋ ತೆಗೆಸಿಕೊಂಡ ಜಾಗದಲ್ಲಿ ಈ ವರ್ಷ ನೀರಿರಬಹುದು. ಹೊಳೆಗೂ ಕಡಲಿಗೂ ನಡುವೆ ಉಳಿದ ಮರಳಿನ ನಾಲಿಗೆಯನ್ನು ನಮ್ಮ ಕಡೆ ಕೋಡಿ ಎನ್ನುತ್ತಾರೆ. ಇಲ್ಲಿಂದ ತೆಂಕಣಕ್ಕೆ ಹೆಜಮಾಡಿ ಕೋಡಿಯಲ್ಲಿ ಶಾಂಭವಿ ಹೊಳೆಯದೂ ಇದೇ ಕಥೆ, ಅಲ್ಲಿ ಎಲ್ಲವೂ ದೊಡ್ಡ ಪ್ರಮಾಣದಲ್ಲಿ.

ದೋಣಿ ಸಿಕ್ಕಿದರೆ ಹಿನ್ನೀರಿನಲ್ಲಿ ಅರ್ಧ ಗಂಟೆ ಹೋಗಿಬನ್ನಿ. ಮಾತು ಕಡಮೆ ಮಾಡಿ. ಒಂದು ಕಿವಿಗೆ ತೆರೆಯ ಮೊರೆತ, ಇನ್ನೊಂದು ಕಿವಿಗೆ ಮನೆಯಂಗಳದ ಕೋಳಿಯ ಕೂಗು. ನೀರು ಸಿಹಿಯೋ ಉಪ್ಪೋ ಎಂದು ಮಕ್ಕಳು ಕೇಳಿದರೆ ದೋಣಿಯವರು ಹೊತ್ತು ನೋಡಿ ಉತ್ತರ ಹೇಳುತ್ತಾರೆ. ಭರತದಲ್ಲಿ ಕಡಲ ನೀರು ಒಳಕ್ಕೆ ಬರುತ್ತದೆ, ಇಳಿತದಲ್ಲಿ ಹೊಳೆಯ ನೀರು ಹೊರಕ್ಕೆ. ಮಳೆಗಾಲದಲ್ಲಿ ಸಿಹಿನೀರಿನ ಕೈ ಮೇಲು, ಮಾಘ ಫಾಲ್ಗುಣಗಳಲ್ಲಿ ಉಪ್ಪಿನದು. ಆಗ ದಡದ ಬಾವಿಗಳೂ ರುಚಿ ಕೆಡುತ್ತವೆ. ಅದಕ್ಕಾಗಿಯೇ ಮಳೆ ನಿಂತ ಮೇಲೆ ರೈತರು ತೋಡುಗಳಿಗೆ ಅಡ್ಡಲಾಗಿ ಮಣ್ಣಿನ ಕಟ್ಟ ಹಾಕುತ್ತಾ ಬಂದವರು. ಈಗ ಹಲವೆಡೆ ಹಲಗೆಯ ಬಾಗಿಲುಗಳ ಸಿಮೆಂಟಿನ ಅಣೆಕಟ್ಟುಗಳು ಬಂದಿವೆ. ಮಟ್ಟುವಿನ ಗುಳ್ಳವೂ ಈ ಬಾಗಿಲುಗಳನ್ನು ನಂಬಿಕೊಂಡಿದೆ. ಹಲಗೆಯನ್ನು ಒಂದು ವಾರ ತಡವಾಗಿ ಇಳಿಸಿದರೆ ಆಗುವ ನಷ್ಟ ರೈತನಿಗೆ ಗೊತ್ತು.

ಈಗ ಅಳಿವೆಯ ಬಾಯಿಗೆ ಬನ್ನಿ. ಈ ಭಾಷಣವನ್ನು ಮುಖ್ಯವಾಗಿ ಇದಕ್ಕಾಗಿಯೇ ಬರೆದೆನೆಂದರೂ ಸರಿಯೆ. ಹೊಳೆ ಕಡಲಿಗೆ ಬೀಳುವ ಆ ಜಾಗ ಅತ್ಯಂತ ಚೆಲುವಾದದ್ದು, ಅತ್ಯಂತ ಮೋಸದ್ದೂ ಹೌದು. ನೀರು ಮೊಳಕಾಲುದ್ದ ಮಾತ್ರ ಕಾಣುತ್ತದೆ. ಆಚೆ ದಡ ಕೂಗಳತೆಯಲ್ಲಿದೆ. ದಾಟೋಣವೆನ್ನಿಸುತ್ತದೆ. ಇಳಿತದ ಹೊತ್ತಿನಲ್ಲಿ ಇಡೀ ಹಿನ್ನೀರು ಆ ಒಂದು ಸಂದಿನಿಂದ ಹೊರಕ್ಕೆ ಓಡುತ್ತಿರುತ್ತದೆಂಬುದನ್ನು ಮೇಲಿನಿಂದ ಬಂದವರು ತಿಳಿಯರು. ಕಾಲಡಿಯ ಮರಳು ಜಾರುತ್ತದೆ. ನೀರು ಕೊರೆದ ಅಂಚು ನಿಂತಂತೆಯೇ ಕುಸಿಯುತ್ತದೆ. ಕುಸಿದವನನ್ನು ನೀರು ಒಯ್ಯುವುದು ದಡಕ್ಕಲ್ಲ, ಕಡಲಿಗೆ. ಕೆರೆಯಲ್ಲಿ, ತುಂಗೆಯಲ್ಲಿ, ಕಾವೇರಿಯಲ್ಲಿ ಈಜು ಕಲಿತವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ. ಕೊಳದಲ್ಲಿ ಈಜಿ ಬಹುಮಾನ ಪಡೆದ ಹುಡುಗನಿಗೂ ಗೊತ್ತಿರುವುದಿಲ್ಲ. ಅಂಚಿನಿಂದ ಹತ್ತು ಮಾರು ಹಿಂದೆ ನಿಂತು ನೋಡಿ, ಸಾಕು.

ತೆರೆಯ ಬದಿಯಲ್ಲೂ ಇಂಥದೇ ಒಂದು ಸಂಗತಿ ಇದೆ. ತೆರೆಗಳು ದಡಕ್ಕೆ ತಂದುಹಾಕಿದ ನೀರು ಮರಳಿ ಹೋಗಲೇಬೇಕು. ಕೆಲವೆಡೆ ಅದು ಒಂದು ಓಣಿಯನ್ನು ಮಾಡಿಕೊಂಡು ಸೆಳೆತವಾಗಿ ಹೊರಕ್ಕೆ ಹರಿಯುತ್ತದೆ. ಗುರುತು ಏನೆಂದರೆ, ಎಡಬಲಗಳಲ್ಲಿ ತೆರೆ ಒಡೆದು ನೊರೆಯಾಗುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ತಿಳಿಯಾಗಿ, ತೆರೆಯಿಲ್ಲದೆ ಕಾಣುತ್ತದೆ. ಮಕ್ಕಳಿಗೆ ಅದೇ ಶಾಂತವಾದ ಜಾಗವೆಂದು ತಾಯಂದಿರು ತಿಳಿಯುತ್ತಾರೆ. ಅಲ್ಲಿಯೇ ಅಪಾಯವಿರುವುದು. ಒಂದು ವೇಳೆ ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ಎದುರೀಜಿ ದಣಿಯಬಾರದು. ತೇಲುತ್ತ ಕೈಯೆತ್ತಿ ಕೂಗಬೇಕು. ಶಕ್ತಿಯಿದ್ದರೆ ದಡಕ್ಕೆ ಸಮವಾಗಿ ಅಡ್ಡಕ್ಕೆ ಈಜಿ ಓಣಿಯಿಂದ ಹೊರಬಂದು, ಆಮೇಲೆ ತೆರೆಯೊಂದಿಗೆ ದಡಕ್ಕೆ ಬರಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಮಾತಿಗೂ ಅವಕಾಶವಿಲ್ಲ. ಯಂತ್ರದ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷಿದ್ಧ. ಆ ತಿಂಗಳುಗಳಲ್ಲಿ ಕಡಲನ್ನು ದಡದಿಂದ ನೋಡಿ, ಮನೆಗೆ ಹೋಗಿ.

ಇಲ್ಲಿ ನೀಲಿ ಬಾವುಟವೊಂದು ಹಾರುವುದನ್ನು ಕುರಿತು ನೀವು ಓದಿರಬಹುದು. ಡೆನ್ಮಾರ್ಕಿನ ರಾಜಧಾನಿಯಲ್ಲಿ ಕಚೇರಿಯುಳ್ಳ ಪರಿಸರ ಶಿಕ್ಷಣದ ಸಂಸ್ಥೆಯೊಂದು ಕೊಡುವ ಮನ್ನಣೆ ಅದು. 2020ರ ಅಕ್ಟೋಬರಿನಲ್ಲಿ ಭಾರತದ ಎಂಟು ಕಡಲತೀರಗಳಿಗೆ ಒಟ್ಟಿಗೆ ದೊರೆಯಿತು. ಕರ್ನಾಟಕದಲ್ಲಿ ಹೊನ್ನಾವರದ ಕಾಸರಕೋಡಿಗೂ ಪಡುಬಿದ್ರಿಗೂ. ನೀರಿನ ಶುದ್ಧಿ, ಕಸದ ವಿಲೇವಾರಿ, ರಕ್ಷಕರು, ತಿಳಿವಳಿಕೆ ಎಂದು ಒಟ್ಟು 33 ನಿಬಂಧನೆಗಳು. ಒಮ್ಮೆ ಪಡೆದರೆ ಮುಗಿಯಿತೆಂದಿಲ್ಲ, ವರ್ಷವರ್ಷವೂ ಪರೀಕ್ಷೆ. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಎಲ್ಲ ಇರುವುದು ಹೆಂಗಸರಿಗೆ ದೊಡ್ಡ ಅನುಕೂಲ. ಆದರೆ ಆ ಬಾವುಟ ಕಾಯುವುದು ಗೊತ್ತುಮಾಡಿದ ಒಂದು ತುಂಡು ದಡವನ್ನು ಮಾತ್ರ. ಈಜಬೇಕೆನ್ನುವವರು ರಕ್ಷಕರ ಕಣ್ಣಳತೆಯಲ್ಲಿ, ಅವರು ತೋರಿಸಿದ ಎಲ್ಲೆಯೊಳಗೆ ಇಳಿಯಬೇಕು. ಅವರು ಸಿಳ್ಳೆ ಊದಿದರೆ ಸಿಟ್ಟಾಗುವ ಗಂಡಸರನ್ನು ನೋಡಿ ನನಗೆ ಆಶ್ಚರ್ಯವಾಗುತ್ತದೆ.

ಸಂಜೆ ನಾಲ್ಕರ ಮೇಲೆ ಅದೃಷ್ಟವಿದ್ದರೆ ಕೈರಂಪಣಿ ಕಾಣಸಿಕ್ಕುತ್ತದೆ. ಹಿಂದೆ ರಂಪಣಿಯೆಂದರೆ ಊರಿಗೆ ಊರೇ ಸೇರಿ ಎಳೆಯುವ ಬಲೆ. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಕಡಲಿಗೆ ಇಳಿಸುತ್ತ ಹೋಗುವುದು, ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ಎರಡು ಗುಂಪಿನವರು ಹಿಡಿದು ಎಳೆಯುವುದು, ಬಂಗುಡೆ, ಬೂತಾಯಿಗಳು ರಾಶಿಯಾಗಿ ದಡಕ್ಕೆ ಬೀಳುವುದು, ಆಮೇಲೆ ಪಾಲು. 1970ರ ದಶಕದ ಎರಡನೆಯ ಅರ್ಧದಲ್ಲಿ ಯಂತ್ರದ ದೋಣಿಗಳ ಪರ್ಸೀನ್ ಬಲೆ ಬಂದು, ಮೀನಿನ ಹಿಂಡನ್ನು ದಡಕ್ಕೆ ಬರುವ ಮೊದಲೇ ಸುತ್ತುವರಿಯತೊಡಗಿತು. ದೊಡ್ಡ ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದವು. ಉಳಿದದ್ದು ಸಣ್ಣ ಬಲೆಯ ಕೈರಂಪಣಿ. ಎಳೆಯುವವರ ನಡುವೆ ಕ್ಯಾಮರಾ ಹಿಡಿದು ನುಗ್ಗಬೇಡಿ. ಅದು ಅವರ ಆ ದಿನದ ಸಂಪಾದನೆ. ಒಂದು ಬದಿಗೆ ನಿಂತು, "ಅಣ್ಣ, ಹುಡುಗ ಒಂದು ಕೈ ಹಾಕಬಹುದೋ" ಎಂದು ಕೇಳಿ. ಬೇಡವೆಂದರೆ ಬೇಡ.

ದಡದ ಮೇಲೆ ಸ್ವಲ್ಪ ನಡೆದರೆ ಕಪ್ಪು ಬಂಡೆಗಳನ್ನು ಒಟ್ಟಿದ ತಡೆಗೋಡೆಗಳು ಸಿಕ್ಕುತ್ತವೆ. ಮಳೆಗಾಲದ ಕಡಲ್ಕೊರೆತದಿಂದ ತೆಂಗಿನ ಮರಗಳನ್ನೂ ಮನೆಗಳನ್ನೂ ಉಳಿಸಿಕೊಳ್ಳುವುದಕ್ಕಾಗಿ ಹಾಕಿದ್ದು. ನೋಡಲು ಅಂದವಿಲ್ಲವೆಂದು ಪ್ರವಾಸಿಗಳು ಮೂಗು ಮುರಿಯುತ್ತಾರೆ. ಕಲ್ಲು ಹಾಕಿದ ಕಡೆ ತೆರೆಯ ಏಟು ತಗ್ಗಿದರೂ ಮರಳು ಮತ್ತೆ ಬಂದು ಕೂಡುವುದು ಕಷ್ಟ. ಕಲ್ಲು ಮುಗಿದ ತುದಿಯಾಚೆ ಕೊರೆತ ಹೆಚ್ಚುವುದೂ ಉಂಟು. ಹಾಗೆಂದು ಕಲ್ಲು ಬೇಡವೆನ್ನಲು ಹಿತ್ತಿಲು ಕಳೆದುಕೊಂಡವನ ಮುಂದೆ ಯಾರಿಗೆ ಬಾಯಿ ಬರುತ್ತದೆ? ನಿಮ್ಮ ಜೊತೆಗಿರುವ ಊರಿನವರನ್ನು ಇದನ್ನೇ ಕೇಳಿ ನೋಡಿ. ಅವರ ಅಜ್ಜನ ಕಾಲದಲ್ಲಿ ದಡ ಎಲ್ಲಿತ್ತೆಂದು ಕಡಲಿನೊಳಕ್ಕೆ ಬೆರಳು ತೋರಿಸಿಯಾರು.

ಕಾರ್ತಿಕ ಮಾರ್ಗಶಿರಗಳಲ್ಲಿ ಸೂರ್ಯ ಆರು ಗಂಟೆಯ ಸುಮಾರಿಗೆ ಮುಳುಗುತ್ತಾನೆ. ಮುಳುಗಿದ ಮೇಲೆ ಹತ್ತು ನಿಮಿಷ ಕುಳಿತಿರಿ, ಬಣ್ಣ ಬರುವುದು ಆಗ. ಹಿನ್ನೀರಿನ ಕಡೆಗೆ ತಿರುಗಿದರೆ ಅಲ್ಲಿಯೂ ಅದೇ ಬಣ್ಣ, ತೆರೆಯಿಲ್ಲದೆ. ಪೇಟೆಗೆ ಬಂದು ಗೋಳಿಬಜೆ, ಕಾಫಿ ಮುಗಿಸಿ ಏಳಕ್ಕೆ ಬಸ್ಸು ಹತ್ತಿದರೂ ಎಂಟರ ಹೊತ್ತಿಗೆ ಉಡುಪಿಯಲ್ಲಿರುತ್ತೀರಿ. ಮಕ್ಕಳ ಕಿಸೆಯ ಮರಳನ್ನು ಮಾತ್ರ ಬಸ್ಸು ಹತ್ತುವ ಮೊದಲೇ ಕೊಡವಿಸಿ.