ಶಾಲೆಯ ಬದುಕಿಗೆ ಸಾಮಾಯಿಕದ ಸಂದೇಶ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ನಡೆದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

  

ಜಿನಬಿಂಬದ ಪ್ರತಿಷ್ಠೆಯ ಈ ಮಂಗಲ ಸಂದರ್ಭದಲ್ಲಿ ಶಾಲೆಯ ವಿಷಯವನ್ನು ಕುರಿತು ಮಾತನಾಡುವುದು ಕೆಲವರಿಗೆ ಅಪ್ರಸ್ತುತವೆನಿಸಬಹುದು. ಆದರೆ ನಮ್ಮ ನಾಡಿನಲ್ಲಿ ಬಸದಿಯೂ ವಿದ್ಯೆಯೂ ಎಂದೂ ಬೇರೆಯಾಗಿರಲಿಲ್ಲ. ಹಾನಗಲ್ಲ ತಾಲ್ಲೂಕಿನ ಆಡೂರಿನ ಶಾಸನವು ಬಾದಾಮಿ ಚಾಲುಕ್ಯರ ಕಾಲದಲ್ಲಿಯೇ ಅಲ್ಲಿನ ಜಿನಾಲಯಕ್ಕೆ ಸಂದ ದಾನವನ್ನು ಸಾರುತ್ತದೆ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರವಂತೂ ಆಚಾರ್ಯರ ನೆಲೆವೀಡು. ಕ್ರಿ.ಶ. 898ರಲ್ಲಿ, ಎಂದರೆ ಶಕ ವರ್ಷ 820ರಲ್ಲಿ, ಲೋಕಾದಿತ್ಯನು ಅಲ್ಲಿ ಆಳುತ್ತಿದ್ದಾಗ ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೋತ್ಸವ ನಡೆಯಿತು. ಗ್ರಂಥವೊಂದನ್ನು ಪೂಜಿಸಿದ ನೆಲವಿದು. ಮುಂದೆ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಗಂಗ ದೊರೆ ಮಾರಸಿಂಹನು ಸಲ್ಲೇಖನವ್ರತದಿಂದ ದೇಹತ್ಯಾಗ ಮಾಡಿದ್ದೂ ಇದೇ ಬಂಕಾಪುರದಲ್ಲಿ. ಶಾಸ್ತ್ರವನ್ನು ಓದುವುದನ್ನೂ ಮನಸ್ಸನ್ನು ನಿಲ್ಲಿಸುವುದನ್ನೂ ಒಂದೇ ಗುರುವಿನಿಂದ ಕಲಿಯುತ್ತಿದ್ದ ಕಾಲವದು. ಇಂದು ಓದನ್ನು ಶಾಲೆಗೂ ಧ್ಯಾನವನ್ನು ಬಸದಿಗೂ ಹಂಚಿಕೊಟ್ಟು, ಎರಡನ್ನೂ ಬಡವಾಗಿಸಿದ್ದೇವೆ.

ನನ್ನ ಒಂದು ತಪ್ಪನ್ನು ಈ ಸಭೆಯ ಮುಂದೆ ನಿವೇದಿಸಿಕೊಳ್ಳುತ್ತೇನೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಬೋಧಿಸುತ್ತಿದ್ದ ದಿನಗಳು. ಹತ್ತನೆಯ ತರಗತಿಯ ಪರೀಕ್ಷೆ ಸಮೀಪಿಸಿತ್ತು. ಹಿಂದಿನ ವರ್ಷದ ಫಲಿತಾಂಶ ಕುಸಿದದ್ದಕ್ಕಾಗಿ ಹಿಂದಿನ ದಿನವಷ್ಟೇ ಸಭೆಯಲ್ಲಿ ಎಲ್ಲರೆದುರು ಮಾತು ಕೇಳಿಸಿಕೊಂಡು ಬಂದಿದ್ದೆ. ಆ ದಿನ ಒಬ್ಬ ಹುಡುಗ ಲೆಕ್ಕ ಮಾಡಿರಲಿಲ್ಲ. “ನಿನ್ನಂಥವರಿಂದಲೇ ಶಾಲೆಯ ಹೆಸರು ಕೆಡುವುದು; ನೀನು ಬಾರದಿದ್ದರೇ ಲೇಸು” ಎಂದುಬಿಟ್ಟೆ. ಮರುದಿನ ಅವನು ಬರಲಿಲ್ಲ. ನಾಲ್ಕು ದಿನ ಕಾದು, ಮನೆಗೆ ಹೋದೆ. ಹುಡುಗ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ. ಅವನ ತಾಯಿ ನನಗೆ ನೀರು ಕೊಟ್ಟು, “ಸರ, ನೀವ ಬರಬ್ಯಾಡ ಅಂದೀರಂತಲ್ಲರಿ?” ಎಂದರು. ಆ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಗುರು ಹೇಳಿದ್ದು ಸರಿಯೇ ಇರಬೇಕೆಂಬ ನಂಬಿಕೆಯಿತ್ತು. ಆಕ್ಷೇಪವಿದ್ದಿದ್ದರೆ ಸಹಿಸಬಹುದಿತ್ತು. ಹುಡುಗ ಮರಳಿ ಬಂದ, ಪರೀಕ್ಷೆಯನ್ನೂ ಬರೆದ. ಆದರೆ ಆ ವರ್ಷ ಮುಗಿಯುವವರೆಗೂ ನನ್ನ ಮುಖ ನೋಡಿ ಮಾತನಾಡಲಿಲ್ಲ.

ನಾನು ಆ ಬೆಳಗಿನಲ್ಲಿಯೂ ನಿಯಮದಂತೆ ಸಾಮಾಯಿಕಕ್ಕೆ ಕುಳಿತಿದ್ದೆ. ಒಂದು ಮುಹೂರ್ತ, ಎಂದರೆ 48 ನಿಮಿಷ. ದೇಹ ಕುಳಿತಿತ್ತು, ಮನಸ್ಸು ಹಿಂದಿನ ದಿನದ ಸಭೆಯಲ್ಲಿಯೇ ನಿಂತಿತ್ತು. ತತ್ತ್ವಾರ್ಥಸೂತ್ರವು ಸಾಮಾಯಿಕಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಮನಸ್ಸು, ಮಾತು, ಕಾಯ ಇವು ಮೂರರ ದುಷ್ಪ್ರಣಿಧಾನ, ಅನಾದರ, ಮತ್ತು ಸ್ಮೃತ್ಯನುಪಸ್ಥಾನ. ಕಡೆಯದನ್ನು ಗಮನಿಸಿರಿ. ಸ್ಮೃತಿ ಎದುರಿಗೆ ಬಂದು ನಿಲ್ಲದಿರುವುದು. ತಾನು ಏನು ಮಾಡುತ್ತಿರುವೆನೆಂಬ ಅರಿವೇ ತಪ್ಪುವುದು. ಇಂದು ಜಗತ್ತು “ಮೈಂಡ್‌ಫುಲ್‌ನೆಸ್” ಎಂಬ ಹೆಸರಿನಿಂದ ಹುಡುಕುತ್ತಿರುವುದು ಈ ದೋಷಕ್ಕೆ ಮದ್ದನ್ನೇ.

ನಮ್ಮ ಆಚಾರ್ಯರು ರೋಗವನ್ನೂ ಹೆಸರಿಟ್ಟು ತೋರಿಸಿದ್ದಾರೆ. ಆರ್ತಧ್ಯಾನ ನಾಲ್ಕು ಬಗೆಯದು. ಬೇಡವಾದುದು ಬಂದು ಅಂಟಿಕೊಂಡಾಗ ಅದರದೇ ಚಿಂತೆ ಅನಿಷ್ಟಸಂಯೋಗ. ಬೋಧನೆಯನ್ನು ಬಿಟ್ಟು ವರದಿ, ಗಣತಿ, ದಾಖಲೆಗಳಲ್ಲಿ ಮುಳುಗಿದ ಶಿಕ್ಷಕರು ಇದನ್ನು ಬಲ್ಲರು. ಪ್ರಿಯವಾದುದು ಅಗಲಿದಾಗಿನ ಕೊರಗು ಇಷ್ಟವಿಯೋಗ. ಮನೆಬಿಟ್ಟು ವಸತಿನಿಲಯ ಸೇರಿದ ಮಗು ಇದನ್ನು ಬಲ್ಲದು. ಶರೀರದ ನೋವಿನಲ್ಲಿಯೇ ಮನಸ್ಸು ನೆಡುವುದು ವೇದನೆ; ಪರೀಕ್ಷೆಯ ಬೆಳಿಗ್ಗೆ ಹೊಟ್ಟೆನೋವೆಂದು ಅಳುವ ಮಗು ಸುಳ್ಳು ಹೇಳುತ್ತಿಲ್ಲ. ಮುಂದಿನ ಫಲಕ್ಕಾಗಿ ಹಂಬಲಿಸುವುದು ನಿದಾನ. ಇದು ತಂದೆತಾಯಿಗಳ ರೋಗ. ಶೇಕಡಾ ಎಷ್ಟು, ರ್‍ಯಾಂಕು ಯಾವುದು ಎಂಬ ಹಂಬಲ ನಮ್ಮದು. ಅದರ ಭಾರ ಮಕ್ಕಳದು. 2024ರಲ್ಲಿ ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಮೂರು ಬಾರಿ ಪರೀಕ್ಷೆಗೆ ಕೂರುವ ಅವಕಾಶ ದೊರೆಯಿತು. ಅವಕಾಶ ಹೆಚ್ಚಿತು, ಆದರೆ ಮನೆಯ ನಿದಾನ ಕರಗದೆ ಮಗುವಿನ ಭಯ ಕರಗುವುದಿಲ್ಲ.

ಇದಕ್ಕೆ ಉಪಾಯವೇನು? ಹೊರನಾಡಿನ ಅನುಭವವನ್ನೂ ತಿಳಿಯೋಣ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್-ಜಿನ್ ಎಂಬವರು 1979ರಲ್ಲಿ ರೋಗಿಗಳಿಗಾಗಿ ಇಂಥ ಅಭ್ಯಾಸವನ್ನು ಆರಂಭಿಸಿದರು. ಅದು ಎಂಟು ವಾರಗಳ ಕ್ರಮವಾಗಿ ಜಗತ್ತಿನಲ್ಲಿ ಹರಡಿತು. ನಮ್ಮ ದೇಶದಲ್ಲಿ ಅದಕ್ಕೂ ಮೊದಲೇ, 1975ರಲ್ಲಿ, ಶ್ವೇತಾಂಬರ ತೇರಾಪಂಥದ ಆಚಾರ್ಯ ತುಲಸಿಯವರ ಮಾರ್ಗದರ್ಶನದಲ್ಲಿ, ಮುಂದೆ ಆಚಾರ್ಯ ಮಹಾಪ್ರಜ್ಞರೆಂದು ಖ್ಯಾತರಾದ ಮುನಿ ನಥಮಲಜಿಯವರು ಪ್ರೇಕ್ಷಾಧ್ಯಾನವನ್ನು ರೂಪಿಸಿದ್ದರು. ಶಾಲೆಗಳಿಗಾಗಿ “ಜೀವನ ವಿಜ್ಞಾನ” ಎಂಬ ಶಿಕ್ಷಣಕ್ರಮವೂ ಅದರಿಂದ ಬೆಳೆಯಿತು.

ಆದರೆ ಧ್ಯಾನವನ್ನು ಮಾತ್ರೆಯಂತೆ ಎಲ್ಲ ಮಕ್ಕಳಿಗೂ ಹಂಚಿದರೆ ಸಾಕೇ? ಇಂಗ್ಲೆಂಡಿನ ಸಂಶೋಧಕರು 11ರಿಂದ 14 ವಯಸ್ಸಿನ 8,000ಕ್ಕೂ ಹೆಚ್ಚು ಮಕ್ಕಳಲ್ಲಿ ಇದನ್ನು ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಶಾಲೆಗಳಲ್ಲಿ ಮೊದಲಿನಿಂದ ನಡೆದುಬಂದ ಪಾಠಕ್ರಮಕ್ಕಿಂತ ಈ ತರಬೇತಿ ಮಕ್ಕಳಿಗೆ ಹೆಚ್ಚಿನ ಲಾಭ ತರಲಿಲ್ಲ. ಅನೇಕ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಲಿಲ್ಲ. ಆದರೆ ಕಲಿಸುವ ಶಿಕ್ಷಕರ ಬಳಲಿಕೆ ಕೆಲಮಟ್ಟಿಗೆ ತಗ್ಗಿದ್ದು ಕಂಡುಬಂದಿತು. ಈ ವಾರ್ತೆಯಿಂದ ನಾನು ನಿರಾಶನಾಗಲಿಲ್ಲ, ಕಣ್ತೆರೆದೆ. ವ್ರತವನ್ನು ಹೇರಿದರೆ ಅದು ವ್ರತವಾಗದು. ಮೊದಲು ಗುರು ಶಾಂತನಾಗಬೇಕು. ಆ ಶಾಂತಿಯ ನೆರಳಿನಲ್ಲಿ ಶಿಷ್ಯನು ಕಲಿಯುತ್ತಾನೆ.

ಆದುದರಿಂದ ನನ್ನ ಮೊದಲ ಬಿನ್ನಹ ಶಿಕ್ಷಕ ಬಂಧುಗಳಿಗೆ. ನಮ್ಮ ಸಂಪ್ರದಾಯದಲ್ಲಿ ಕಾಯೋತ್ಸರ್ಗಕ್ಕೆ 27 ಉಚ್ಛ್ವಾಸಗಳ ಲೆಕ್ಕವಿದೆ: ಒಂದು ಣಮೋಕಾರಕ್ಕೆ ಮೂರು ಉಸಿರಿನಂತೆ ಒಂಬತ್ತು ಣಮೋಕಾರ. ಇದಕ್ಕೆ ಬೇಕಾಗುವುದು ಕೆಲವೇ ನಿಮಿಷ. ತರಗತಿಯ ಬಾಗಿಲು ದಾಟುವ ಮುನ್ನ ಇದನ್ನು ಮಾಡಿರಿ. ಶ್ರವಣಬೆಳಗೊಳದ ಬಾಹುಬಲಿ ಸ್ವಾಮಿಯು ನಿಂತಿರುವುದು ಇದೇ ಕಾಯೋತ್ಸರ್ಗದಲ್ಲಿ. ಬಳ್ಳಿ ಮೈಗೆ ಹಬ್ಬಿದರೂ ಅಲುಗದ ಆ ನಿಲುವಿನ ಒಂದಂಶವಾದರೂ ನಮಗೆ ಒಲಿದರೆ, ನಾನು ಆಡಿದಂಥ ಮಾತು ನಾಲಗೆಯ ತುದಿಯಲ್ಲಿಯೇ ನಿಂತೀತು. ಸಂಜೆ ಮನೆಗೆ ಹೊರಡುವ ಮುನ್ನ ಪ್ರತಿಕ್ರಮಣದ ಭಾವದಿಂದ, ಇಂದು ಯಾವ ಮಗುವನ್ನು ನೋಯಿಸಿದೆನೆಂದು ನೆನೆಯಿರಿ. ನೋಯಿಸಿದ್ದರೆ ಮರುದಿನ ಆ ಮಗುವಿನ ಎದುರಿಗೇ ಕ್ಷಮೆ ಕೇಳಿರಿ. ಇದರಿಂದ ಗುರುವಿನ ಗೌರವ ಕುಗ್ಗದು.

ಮಕ್ಕಳ ವಿಷಯದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ನಮ್ಮ ಊರಿನ ಶಾಲೆಗಳಲ್ಲಿ ಎಲ್ಲ ಧರ್ಮದ ಮಕ್ಕಳು ಕುಳಿತಿರುತ್ತಾರೆ. ಅಲ್ಲಿ ಮಂತ್ರವನ್ನು ಹೇಳಿಸುವುದು ಬೇಡ. ಉಸಿರನ್ನು ಎಣಿಸಿದರೆ ಸಾಕು. ಉಸಿರಿಗೆ ಜಾತಿಯಿಲ್ಲ. ಕಣ್ಣು ಮುಚ್ಚಲೊಲ್ಲದ ಮಗುವನ್ನು ಒತ್ತಾಯಿಸಬಾರದು. ಎರಡನೆಯದು: ಊಟ ನಿದ್ರೆ ಬಿಟ್ಟ, ಬದುಕೇ ಬೇಡವೆನ್ನುವ ಮಗುವಿಗೆ ಧ್ಯಾನದ ಉಪದೇಶ ಮಾಡುತ್ತ ಕೂಡಬಾರದು, ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯ ದೂರವಾಣಿ ಸಂಖ್ಯೆ 14416. ಇದನ್ನು ಪ್ರತಿ ಶಾಲೆಯ ಗೋಡೆಯ ಮೇಲೆ ಬರೆಯಿಸಿದರೆ ಅದೂ ಅಭಯದಾನವೇ.

ಇನ್ನೊಂದು ಮಾತು. ಸಮತೆಯೆಂದರೆ ಅನ್ಯಾಯಕ್ಕೆ ತಲೆಬಾಗುವುದಲ್ಲ. ಒಬ್ಬ ಶಿಕ್ಷಕನ ಮೇಲೆ ಮೂವರ ಕೆಲಸ ಹೊರಿಸಿ, “ಧ್ಯಾನ ಮಾಡಿ ಶಾಂತರಾಗಿರಿ” ಎಂದರೆ ಅದು ಧರ್ಮವಲ್ಲ. ಹೊರೆಯನ್ನು ಇಳಿಸುವುದು ಆಡಳಿತ ಮಂಡಳಿಗಳ ಕರ್ತವ್ಯ. ಇಳಿಯದ ಹೊರೆಯನ್ನು ಕಲುಷಿತರಾಗದೆ ಹೊರುವುದಕ್ಕೆ ಸಾಮಾಯಿಕದ ಬಲ.

ಸಮಂತಭದ್ರಾಚಾರ್ಯರು ತಮ್ಮ ಶ್ರಾವಕಾಚಾರದಲ್ಲಿ ಸಾಮಾಯಿಕಕ್ಕೆ ಕ್ಷೋಭೆಯಿಲ್ಲದ ಏಕಾಂತಸ್ಥಳವನ್ನು ವಿಧಿಸಿ, ಅದು ವನವಾಗಲಿ, ಮನೆಯಾಗಲಿ, ಚೈತ್ಯಾಲಯವಾಗಲಿ ಆಗಬಹುದೆಂದಿದ್ದಾರೆ; ಪ್ರಸನ್ನವಾದ ಬುದ್ಧಿಯೊಂದು ಬೇಕೆಂದಿದ್ದಾರೆ. ಇಂದು ನಮ್ಮ ಮಕ್ಕಳಿಗೆ ಸದ್ದಿಲ್ಲದ ಒಂದು ಮೂಲೆಯೂ ಮನೆಯಲ್ಲಿ ದುರ್ಲಭ. ದೂರದರ್ಶನದ ಗದ್ದಲ ಒಂದೆಡೆ, ಮೊಬೈಲಿನ ಸೆಳೆತ ಇನ್ನೊಂದೆಡೆ. ಆದುದರಿಂದ ಸಮಾಜದ ಹಿರಿಯರಲ್ಲಿ ನನ್ನ ಕಡೆಯ ಪ್ರಾರ್ಥನೆ: ಈ ನೂತನ ಬಸದಿಯ ಸಭಾಮಂಟಪವನ್ನು ಪರೀಕ್ಷೆಯ ತಿಂಗಳುಗಳಲ್ಲಿ ಸಂಜೆಯ ಹೊತ್ತು ಊರಿನ ಎಲ್ಲ ಮಕ್ಕಳ ಓದಿಗೆ ತೆರೆದಿಡಿರಿ. ಒಂದು ದೀಪ, ಒಂದು ಚಾಪೆ, ಕುಡಿಯುವ ನೀರು, ಬೈಯದ ಒಬ್ಬ ಹಿರಿಯರು, ಇಷ್ಟು ಸಾಕು.

ಮಂತ್ರನ್ಯಾಸದಿಂದ ಶಿಲೆಯಲ್ಲಿ ಭಗವಂತನ ಗುಣಗಳನ್ನು ಆರೋಪಿಸಿ ಪೂಜಿಸುತ್ತೇವೆ. ಪ್ರತಿ ಮಗುವಿನಲ್ಲಿಯೂ ಅನಂತಜ್ಞಾನದ ಶಕ್ತಿ ಆರೋಪವಿಲ್ಲದೆಯೇ ಇದೆಯೆಂದು ನಮ್ಮ ಸಿದ್ಧಾಂತ ಹೇಳುತ್ತದೆ. ಶಿಲೆಯ ಮುಂದೆ ಎಷ್ಟು ಮೃದುವಾಗಿ ನಿಲ್ಲುತ್ತೇವೆಯೋ, ಆ ಮಗುವಿನ ಮುಂದೆಯೂ ಅಷ್ಟೇ ಮೃದುವಾಗಿ ನಿಲ್ಲುವಂತಾಗಲಿ. ಹತ್ತಿಯ ಹೊಲದಲ್ಲಿ ನಿಂತಿದ್ದ ಆ ಹುಡುಗನ ಕ್ಷಮೆಯನ್ನು ಈ ಸಭೆಯಲ್ಲಿ ಮತ್ತೊಮ್ಮೆ ಬೇಡಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.

ಸರ್ವರಿಗೂ ಸನ್ಮಂಗಲವಾಗಲಿ. ಜೈ ಜಿನೇಂದ್ರ.